ಎರಡು ಗಾಲಿ, ಒಂದು ನಡೆ

ಮೊಳಕಾಲ್ಮೂರಿನ ರೇಷ್ಮೆ ಸೀರೆಯನ್ನು ನೇಯುವಾಗ ಒಂದೇ ಮಗ್ಗಕ್ಕೆ ಇಬ್ಬರು ಕೂರುವ ಪದ್ಧತಿಯೊಂದುಂಟು. ಸೀರೆಯ ಒಡಲು ಒಂದು ಬಣ್ಣ, ಅಂಚು ಬೇರೊಂದು ಬಣ್ಣ. ಒಡಲಿನ ಹೊಕ್ಕು ಅಂಚಿನೊಳಗೆ ನುಸುಳಬಾರದು. ಅಂಚಿನ ಹೊಕ್ಕು ಒಡಲಿಗೆ ಹರಿಯಬಾರದು. ಆದರೂ ಇವೆರಡೂ ಬಿಡಿಸಲಾಗದಂತೆ ಒಂದನ್ನೊಂದು ಹಿಡಿದಿರಬೇಕು. ಅದಕ್ಕಾಗಿ ಮೂರು ಲಾಳಿಗಳು: ಒಡಲಿಗೆ ಒಂದು, ಎರಡು ಅಂಚುಗಳಿಗೆ ಒಂದೊಂದು. ನೇಕಾರನು ಎರಡು ಲಾಳಿಗಳನ್ನು ನೋಡಿಕೊಂಡರೆ, ಪಕ್ಕದಲ್ಲಿ ಕುಳಿತ ಸಹಾಯಕರು, ಬಹುಮಟ್ಟಿಗೆ ಮನೆಯ ಹುಡುಗನೋ ಹೆಣ್ಣುಮಗಳೋ, ಆಚೆಯ ಅಂಚಿನ ಲಾಳಿಯನ್ನು ದಾಟಿಸುತ್ತಾರೆ. ಪ್ರತಿಯೊಂದು ಎಳೆಗೂ ಎರಡು ಬಣ್ಣಗಳು ಅಂಚಿನ ಗೆರೆಯ ಮೇಲೆ ಕೊಂಡಿ ಹಾಕಿಕೊಳ್ಳಬೇಕು. ಒಬ್ಬರು ಆತುರಪಟ್ಟರೆ ಕೊಂಡಿ ಸಡಿಲ. ಒಬ್ಬರು ತಡೆದರೆ ಬಿಗಿ. ಇಬ್ಬರ ಕೈಯೂ ಒಂದೇ ಲಯಕ್ಕೆ ಬಂದಾಗ ಮಾತ್ರ ಅಂಚು ನೇರವಾಗಿ ಇಳಿಯುತ್ತದೆ.

ಈ ಹೊತ್ತು ನಾನು ಹೇಳಬೇಕೆಂದಿರುವುದು ವಿದ್ಯುತ್ ಮೋಟಾರುಗಳ ವಿಚಾರ. ಒಂದೇ ಯಂತ್ರವನ್ನು ಎರಡು ಮೋಟಾರುಗಳು ನಡೆಸುವಾಗ ಅವೆರಡರ ವೇಗವನ್ನು ಹೊಂದಿಸುವುದು ಹೇಗೆ ಎಂಬ ಪ್ರಶ್ನೆ ನೂರು ವರ್ಷಗಳಿಗೂ ಮಿಕ್ಕಿದ ಕಾಲದಿಂದ ಇಂಜಿನಿಯರುಗಳನ್ನು ಕಾಡಿದೆ. ಪ್ರಶ್ನೆಯನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಅದರ ಅರ್ಥ ತಿಳಿದದ್ದು ಚಳ್ಳಕೆರೆಯ ಒಂದು ಎಣ್ಣೆ ಗಿರಣಿಯಲ್ಲಿ, ಮೊಳಕಾಲ್ಮೂರಿನ ಮಗ್ಗದ ಬದಿಯಿಂದ ಬಂದ ಒಬ್ಬ ಹಿರಿಯರಿಂದ. ಆದುದರಿಂದ ಈ ಎರಡು ಊರುಗಳನ್ನು ಬಿಟ್ಟು ಈ ಚರಿತ್ರೆಯನ್ನು ಹೇಳುವುದು ನನಗೆ ಸಾಧ್ಯವಾಗದು.

ಚಿತ್ರದುರ್ಗ ಜಿಲ್ಲೆಯ ಈ ಎರಡು ತಾಲ್ಲೂಕುಗಳೂ ಆಂಧ್ರದ ಗಡಿಗೆ ಅಂಟಿಕೊಂಡಿವೆ. ಮಳೆ ಕಡಿಮೆ, ಕೆಂಪು ನೆಲ, ಆ ನೆಲಕ್ಕೆ ಒಗ್ಗಿದ ಬೆಳೆ ಶೇಂಗಾ. ಚಳ್ಳಕೆರೆ ಎಣ್ಣೆ ಗಿರಣಿಗಳ ಊರಾಗಿ ಬೆಳೆದದ್ದು ಈ ಬೆಳೆಯನ್ನು ನಂಬಿ. ಎಣ್ಣೆಯ ವ್ಯಾಪಾರದಲ್ಲಿ ಅದನ್ನು ಎರಡನೆಯ ಮುಂಬಯಿ ಎಂದು ಕರೆಯುತ್ತಿದ್ದ ಕಾಲವೊಂದಿತ್ತು. ಗಿರಣಿಗಳಿಗೆ ಮುಂಚೆ ಇದ್ದದ್ದು ಎತ್ತಿನ ಗಾಣ. ಗಾಣದಲ್ಲಿ ಎತ್ತು ಒಂದು, ಸುತ್ತು ಒಂದು. ಹೊಂದಾಣಿಕೆಯ ಪ್ರಶ್ನೆಯೇ ಏಳುವುದಿಲ್ಲ. ಪ್ರಶ್ನೆ ಏಳುವುದು ಗಾಡಿಗೆ ಜೋಡೆತ್ತು ಹೂಡಿದಾಗ. ಅಲ್ಲಿ ನಮ್ಮ ಹಿರಿಯರು ಕಂಡುಕೊಂಡ ಉತ್ತರ ನೊಗ. ಒಂದು ಎತ್ತು ಮುಂದೆ ಹೋದರೆ ನೊಗ ಓರೆಯಾಗುತ್ತದೆ, ಗಾಡಿ ಹೊಡೆಯುವವನು ಅದನ್ನು ಕಂಡು ಹಗ್ಗ ಜಗ್ಗುತ್ತಾನೆ. ನೊಗವು ಎರಡನ್ನು ಕಟ್ಟಿಹಾಕುತ್ತದೆ; ಎರಡರಲ್ಲಿರುವ ವ್ಯತ್ಯಾಸವನ್ನು ತೋರಿಸಿಯೂ ಕೊಡುತ್ತದೆ. ಈ ಎರಡನೆಯ ಗುಣವನ್ನು ನಾವು ಮುಂದೆ ನೆನೆಯಬೇಕಾಗುತ್ತದೆ.

ಹಳೆಯ ಕಾರ್ಖಾನೆಗಳಲ್ಲಿ ನೊಗದ ಕೆಲಸವನ್ನು ಮಾಡುತ್ತಿದ್ದುದು ಲೈನ್ ಷಾಫ್ಟ್. ಕಟ್ಟಡದ ಒಂದು ತುದಿಯಲ್ಲಿ ಉಗಿಯಂತ್ರವೋ ಆಯಿಲ್ ಇಂಜಿನೋ ಇರುತ್ತಿತ್ತು. ಅದು ತಿರುಗಿಸುವ ಉದ್ದನೆಯ ಉಕ್ಕಿನ ಅಚ್ಚು ಮಾಡಿನ ಕೆಳಗೆ ಈ ತುದಿಯಿಂದ ಆ ತುದಿಯವರೆಗೆ ಹಾಯುತ್ತಿತ್ತು. ಅದರ ಮೇಲಣ ಪುಲ್ಲಿಗಳಿಂದ ಚರ್ಮದ ಬೆಲ್ಟುಗಳು ಇಳಿದು ಕೆಳಗಿನ ಯಂತ್ರಗಳನ್ನು ತಿರುಗಿಸುತ್ತಿದ್ದವು. ಇಂಗ್ಲೆಂಡಿನ ನೂಲಿನ ಗಿರಣಿಗಳಲ್ಲಿ, ಮುಂಬಯಿಯಲ್ಲಿ, ನಮ್ಮ ದಾವಣಗೆರೆಯಲ್ಲಿ ನಡೆದದ್ದು ಇದೇ ಏರ್ಪಾಟು. ಶೇಂಗಾ ಸುಲಿಯುವ ಯಂತ್ರ, ಕಾಳನ್ನು ಮೇಲೇರಿಸುವ ಡಬ್ಬಿಗಳ ಸರಪಳಿ, ಎಣ್ಣೆ ಹಿಂಡುವ ಯಂತ್ರ ಎಲ್ಲವೂ ಒಂದೇ ಅಚ್ಚಿನ ಮಕ್ಕಳು. ಇಂಜಿನು ನಿಧಾನವಾದರೆ ಎಲ್ಲವೂ ನಿಧಾನ. ಆದುದರಿಂದ ಅವುಗಳ ಪರಸ್ಪರ ಪ್ರಮಾಣ ಎಂದೂ ಕೆಡುತ್ತಿರಲಿಲ್ಲ. ಈ ಏಕತೆಗೆ ತೆರಬೇಕಾದ ಬೆಲೆಯೂ ಇತ್ತು. ಬೆಲ್ಟುಗಳನ್ನು ಎಳೆಯುವುದರಲ್ಲಿಯೇ ಶಕ್ತಿಯ ಗಣನೀಯ ಭಾಗ ಸೋರಿಹೋಗುತ್ತಿತ್ತು. ಒಂದು ಯಂತ್ರ ಸಾಕಾದಾಗಲೂ ಇಡೀ ಅಚ್ಚು ತಿರುಗಬೇಕಾಗಿತ್ತು. ತೆರೆದ ಬೆಲ್ಟಿಗೆ ಪಂಚೆಯ ತುದಿ ಸಿಕ್ಕಿದವನ ಗತಿಯನ್ನು ನಾನು ವಿವರಿಸಬೇಕಾಗಿಲ್ಲ.

ವಿದ್ಯುಚ್ಛಕ್ತಿ ಬಂದು ಈ ಅಚ್ಚನ್ನು ಮುರಿಯಿತು. ಮೈಸೂರು ಸಂಸ್ಥಾನಕ್ಕೆ ಅದು ಬಂದದ್ದು ಬಹು ಬೇಗ. 1902ರಲ್ಲಿ ಶಿವನಸಮುದ್ರದ ಕಾವೇರಿ ಜಲಪಾತದಿಂದ ಹುಟ್ಟಿದ ವಿದ್ಯುತ್ತು 92 ಮೈಲಿ, ಎಂದರೆ ಸುಮಾರು 148 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪಗಳು ಹೊತ್ತಿದವು. ಆ ಮೊದಲ ವಿದ್ಯುತ್ತಿನ ಆವರ್ತ ಸಂಖ್ಯೆ ಸೆಕೆಂಡಿಗೆ 25. ಇಂದು ನಮ್ಮ ಮನೆಗಳಿಗೆ ಬರುವುದು 50. ಅದಕ್ಕೆ ಹದಿನಾಲ್ಕು ವರ್ಷ ಮುಂಚೆ, 1888ರಲ್ಲಿ, ನಿಕೋಲ ಟೆಸ್ಲ ತನ್ನ ಪರ್ಯಾಯ ಪ್ರವಾಹದ ಮೋಟಾರಿಗೆ ಅಮೆರಿಕದಲ್ಲಿ ಪೇಟೆಂಟು ಪಡೆದಿದ್ದ. ಇಂದು ಗಿರಣಿಯಲ್ಲಿಯೂ ಬಾವಿಯ ಮೇಲೆಯೂ ಕಾಣುವ ಇಂಡಕ್ಷನ್ ಮೋಟಾರು ಅದರ ವಂಶದ್ದೇ.

ಈ ಮೋಟಾರಿನ ನಡತೆಯನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಅದರ ಹೊರಗಿನ ಸುರುಳಿಗಳಲ್ಲಿ ಒಂದು ಕಾಂತಕ್ಷೇತ್ರ ಸುತ್ತುತ್ತದೆ. ವಿದ್ಯುತ್ತಿನ ಆವರ್ತ ಸಂಖ್ಯೆಯನ್ನು 120ರಿಂದ ಗುಣಿಸಿ, ಮೋಟಾರಿನ ಧ್ರುವಗಳ ಸಂಖ್ಯೆಯಿಂದ ಭಾಗಿಸಿದರೆ ಆ ಕ್ಷೇತ್ರ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆಂಬುದು ದೊರೆಯುತ್ತದೆ. ನಾಲ್ಕು ಧ್ರುವಗಳ ಮೋಟಾರಿಗೆ ಶಿವನಸಮುದ್ರದ ಆ ಮೊದಲ ವಿದ್ಯುತ್ತಿನಲ್ಲಿ 750 ಸುತ್ತು. ಇಂದಿನ ವಿದ್ಯುತ್ತಿನಲ್ಲಿ 1500. ಆದರೆ ಒಳಗಿನ ತಿರುಗಣೆ ಈ ಕ್ಷೇತ್ರವನ್ನು ಬೆನ್ನಟ್ಟುತ್ತದೆಯೇ ಹೊರತು ಹಿಡಿಯಲಾರದು. ಹಿಡಿದುಬಿಟ್ಟರೆ ಅದರಲ್ಲಿ ಪ್ರವಾಹವೇ ಹುಟ್ಟದು, ಬಲವೂ ಇರದು. ಯಾವಾಗಲೂ ಸ್ವಲ್ಪ ಹಿಂದೆ ಬಿದ್ದಿರುವುದೇ ಅದರ ಬಲದ ಗುಟ್ಟು. ಹೊರೆ ಹೆಚ್ಚಿದಷ್ಟೂ ಹೆಚ್ಚು ಹಿಂದೆ ಬೀಳುತ್ತದೆ. ಹಿಂದೆ ಬಿದ್ದಷ್ಟೂ ಹೆಚ್ಚು ಬಲ ಕೊಡುತ್ತದೆ. ಈ ಹಿಂಬೀಳುವಿಕೆಯನ್ನು ನಾವು ಜಾರು ಎಂದು ಕರೆಯೋಣ. ಒಂದೇ ಅಳತೆಯ ಮೋಟಾರುಗಳಾದರೂ ತಯಾರಿಕೆ ಬೇರೆಯಾದರೆ ಜಾರು ಒಂದೇ ಆಗಿರುವುದಿಲ್ಲ.

ಪ್ರತಿಯೊಂದು ಯಂತ್ರಕ್ಕೂ ಅದರದೇ ಮೋಟಾರು ಬಂದಾಗ ಕಾರ್ಖಾನೆಗಳು ಬೆಲ್ಟುಗಳ ಕಾಡಿನಿಂದ ಬಿಡುಗಡೆ ಪಡೆದವು. ಅದೇ ಗಳಿಗೆಯಲ್ಲಿ ಹೊಸ ತೊಡಕೊಂದು ಹುಟ್ಟಿತು. ಹಿಂದೆ ಉಕ್ಕಿನ ಅಚ್ಚು ತಾನಾಗಿ ಕೊಡುತ್ತಿದ್ದ ಹೊಂದಾಣಿಕೆಯನ್ನು ಈಗ ಮನುಷ್ಯ ಬುದ್ಧಿಪೂರ್ವಕವಾಗಿ ಏರ್ಪಡಿಸಬೇಕಾಯಿತು.

1980ರ ದಶಕದ ಆರಂಭದಲ್ಲಿ, ನಾನು ಪದವಿ ಪಡೆದು ಹೊರಬಂದ ಹೊಸದರಲ್ಲಿ, ಚಳ್ಳಕೆರೆಯ ಒಂದು ಗಿರಣಿಯಿಂದ ಕರೆ ಬಂದಿತು. ಗಿರಣಿಯ ಹೆಸರು ಇಲ್ಲಿ ಬೇಡ. ಅಲ್ಲಿ ಹಳೆಯ ಆಯಿಲ್ ಇಂಜಿನನ್ನು ತೆಗೆದು, ಆ ಲೈನ್ ಷಾಫ್ಟಿನ ಎರಡು ತುದಿಗಳಿಗೆ ಇಪ್ಪತ್ತು ಅಶ್ವಶಕ್ತಿಯ ಒಂದೊಂದು ಮೋಟಾರನ್ನು ಚಪ್ಪಟೆ ಬೆಲ್ಟಿನಿಂದ ಜೋಡಿಸಿದ್ದರು. ನಲವತ್ತರ ಒಂದು ದೊಡ್ಡ ಮೋಟಾರಿಗಿಂತ ಇಪ್ಪತ್ತರ ಎರಡು ಕಡಿಮೆ ಬೆಲೆಗೆ ಸಿಕ್ಕಿದ್ದವು. ಅವುಗಳಲ್ಲಿ ಒಂದು ನಾಲ್ಕು ತಿಂಗಳಲ್ಲಿ ಎರಡು ಸಲ ಸುಟ್ಟಿತ್ತು. ಸುಟ್ಟದ್ದು ಎರಡು ಸಲವೂ ಅದೇ ಮೋಟಾರು. ಸುರುಳಿ ಸುತ್ತಿಕೊಟ್ಟವರು ಪೇಟೆಯಲ್ಲಿ ಸಣ್ಣದೊಂದು ವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದ, ಮೊಳಕಾಲ್ಮೂರಿನ ನೇಕಾರ ಮನೆತನದ ಹಿರಿಯರು. ಸುತ್ತಿದ್ದು ಕಳಪೆ ಎಂದು ಸಾಹುಕಾರರು ಎರಡನೆಯ ಸಲದ ಕೂಲಿಯನ್ನು ತಡೆಹಿಡಿದಿದ್ದರು. ನನ್ನನ್ನು ಕರೆಸಿದ್ದು ಆ ತೀರ್ಮಾನಕ್ಕೆ ಒಂದು ಓದಿದ ಸಾಕ್ಷಿ ಬೇಕೆಂದು.

ನಾನು ಸುಟ್ಟ ಸುರುಳಿಯನ್ನು ನೋಡಿದೆ. ಅವಾಹಕ ಕಾಗದ ಕರಿಯಾಗಿ ಪುಡಿಯಾಗಿತ್ತು. ವೈಂಡಿಂಗ್ ದೋಷವಿರಬಹುದು ಎಂದು ಹೇಳಿದೆ. ಒಂದು ಚೀಟಿಯಲ್ಲಿ ಬರೆದೂ ಕೊಟ್ಟೆ. ಆ ಹಿರಿಯರು ವಾದ ಹೂಡಲಿಲ್ಲ. ಮೂರನೆಯ ಸಲ ಮೋಟಾರನ್ನು ಸುತ್ತಿ ತಂದು ಕೂರಿಸಿ, ಒಂದು ಗಂಟೆಯ ಕಾಲ ಓಡಿಸಿ, ನನ್ನನ್ನು ಹತ್ತಿರ ಕರೆದರು. "ಸ್ವಾಮಿ, ಈ ಮೋಟಾರಿನ ಮೇಲೆ ಅಂಗೈ ಇಡಿ. ಈಗ ಆ ತುದಿಗೆ ಬಂದು ಅದರ ಮೇಲೂ ಇಡಿ" ಎಂದರು. ಮೊದಲನೆಯದರ ಮೇಲೆ ಕೈ ನಿಲ್ಲಲಿಲ್ಲ. ಎರಡನೆಯದು ಬರಿಯ ಬೆಚ್ಚಗಿತ್ತು. "ಇಬ್ಬರೂ ಒಂದೇ ಹೊರೆ ಹೊತ್ತಿದ್ದರೆ ಒಂದೇ ಬೆವರು ಬರಬೇಕಲ್ಲ?" ಎಂದು ಕೇಳಿದರು. ಅನಂತರ ಅವರಾಡಿದ ಮಾತನ್ನು ನಾನು ಮರೆತಿಲ್ಲ. "ನಾನು ಹುಡುಗನಾಗಿದ್ದಾಗ ಅಪ್ಪನ ಮಗ್ಗದಲ್ಲಿ ಅಂಚಿನ ಲಾಳಿಗೆ ಕೂರುತ್ತಿದ್ದೆ. ಇಬ್ಬರ ಕೈ ಹೊಂದದಿದ್ದರೆ ನೂಲು ಹರಿಯುತ್ತದೆ. ಹರಿದ ನೂಲಿನದು ತಪ್ಪು ಎಂದು ಅಪ್ಪ ಯಾವತ್ತೂ ಹೇಳಲಿಲ್ಲ, ಸ್ವಾಮಿ."

ನಾನು ನಾಚಿ ಟಾಂಗ್ ಟೆಸ್ಟರನ್ನು ತಂದು ಎರಡರ ಪ್ರವಾಹವನ್ನೂ ಅಳೆದೆ. ಬಿಸಿಯಾದ ಮೋಟಾರು ತನ್ನ ಮಿತಿಗಿಂತ ಹೆಚ್ಚು ಎಳೆಯುತ್ತಿತ್ತು. ಇನ್ನೊಂದು ಮಿತಿಗಿಂತ ಕಡಿಮೆ. ಎರಡರ ಹೆಸರುಫಲಕವನ್ನು ಒರೆಸಿ ಓದಿದಾಗ ಕಾರಣ ಹೊರಬಿತ್ತು. ಒಂದರ ಪೂರ್ಣ ಹೊರೆಯ ವೇಗ ನಿಮಿಷಕ್ಕೆ 1440 ಸುತ್ತು, ಇನ್ನೊಂದರದು 1455. ಹದಿನೈದು ಸುತ್ತಿನ ವ್ಯತ್ಯಾಸ, ಎಂದರೆ ನೂರಕ್ಕೆ ಒಂದು. ಆದರೆ ಹೊರೆಯನ್ನು ತೀರ್ಮಾನಿಸುವುದು ವೇಗವಲ್ಲ, ಜಾರು. ಮೊದಲನೆಯದರ ಜಾರು 60, ಎರಡನೆಯದರದು 45. ಎರಡನ್ನೂ ಒಂದೇ ಅಚ್ಚಿಗೆ ಕಟ್ಟಿ, ಇಬ್ಬರ ಪೂರ್ಣ ಹೊರೆಯನ್ನೂ ಹೇರಿದರೆ ಎರಡೂ ಒಂದೇ ವೇಗದಲ್ಲಿ, ಸುಮಾರು 51 ಸುತ್ತು ಹಿಂದೆ ಬಿದ್ದು ಓಡಬೇಕಾಗುತ್ತದೆ. ಬೆಲ್ಟಿನ ಜಾರುವಿಕೆಯನ್ನು ಲೆಕ್ಕದಿಂದ ಬಿಟ್ಟರೆ, 1440ರ ಮೋಟಾರು ಆಗ ತನ್ನ ಹೊರೆಯ ಶೇಕಡ 86ರಷ್ಟನ್ನು ಹೊರುತ್ತದೆ. 1455ರದು ಶೇಕಡ 114ರಷ್ಟನ್ನು. ಚುರುಕಾದ ಎತ್ತಿನ ಕುತ್ತಿಗೆಗೇ ಭಾರವೆಲ್ಲ ಬೀಳುವಂತೆ. ಚಳ್ಳಕೆರೆಯ ಬೇಸಿಗೆ, ಇಳಿದ ವೋಲ್ಟೇಜು ಇವೆರಡೂ ಸೇರಿದ ಮೇಲೆ ಸುರುಳಿ ಎಷ್ಟು ಚೆನ್ನಾಗಿದ್ದರೂ ಸುಡಲೇಬೇಕು.

ಪರಿಹಾರ ಅತಿ ಸಣ್ಣದು. ಚುರುಕಾದ ಮೋಟಾರಿನ ಪುಲ್ಲಿಯ ಅಡ್ಡಳತೆ 200 ಮಿಲಿಮೀಟರು ಇತ್ತು. ಅದನ್ನು ಲೇತಿನಲ್ಲಿ ಕೂರಿಸಿ 198ಕ್ಕೆ ಇಳಿಸಿದೆವು. ಎರಡು ಮಿಲಿಮೀಟರಿನ ಉಕ್ಕು ಸುರುಳಿಸುರುಳಿಯಾಗಿ ಕೆಳಗೆ ಬಿದ್ದಿತು. ಎರಡು ಮೋಟಾರುಗಳೂ ಸಮನಾಗಿ ಬೆಚ್ಚಗಾದವು. ನಾನು ಬರೆದುಕೊಟ್ಟಿದ್ದ ಚೀಟಿಯನ್ನು ಹಿಂದಕ್ಕೆ ಕೇಳಿ ಹರಿದೆ. ಸಾಹುಕಾರರು ಮೂರನೆಯ ಸಲದ ಕೂಲಿಯನ್ನು ಕೊಟ್ಟರು. ಎರಡನೆಯ ಸಲದ್ದು ಆ ಹಿರಿಯರಿಗೆ ಸಂದಿತೋ ಇಲ್ಲವೋ ಎಂದು ವಿಚಾರಿಸುವ ಧೈರ್ಯ ನನಗಾಗಲಿಲ್ಲ.

ಪುಲ್ಲಿಯನ್ನು ಕಿರಿದುಮಾಡುವ ಉಪಾಯ ಎರಡು ಮೋಟಾರುಗಳು ಒಂದೇ ಅಚ್ಚಿಗೆ ಕಟ್ಟಿರುವಲ್ಲಿ ಸಾಕು. ನಡುವೆ ಅಚ್ಚಿಲ್ಲದೆ, ಹರಿಯುವ ವಸ್ತುವೊಂದೇ ಸಂಬಂಧವಾಗಿರುವಲ್ಲಿ ಏನು ಮಾಡುವುದು? ಕಾಗದದ ಯಂತ್ರವನ್ನು ನೆನೆಯಿರಿ. 1930ರ ದಶಕದಲ್ಲಿ ಭದ್ರಾವತಿಯಲ್ಲಿ ಆರಂಭವಾಗಿ, 2010ರ ದಶಕದಲ್ಲಿ ಉತ್ಪಾದನೆ ನಿಲ್ಲಿಸಿದ ಮೈಸೂರು ಕಾಗದದ ಕಾರ್ಖಾನೆಯಂಥ ಕಡೆಗಳಲ್ಲಿ ಒದ್ದೆ ಹಾಳೆಯು ಒಂದು ಉರುಳೆಯ ಗುಂಪಿನಿಂದ ಇನ್ನೊಂದಕ್ಕೆ ಸಾಗುತ್ತದೆ. ಮುಂದಿನ ಉರುಳೆ ಕೂದಲೆಳೆಯಷ್ಟು ಬೇಗ ತಿರುಗಿದರೆ ಹಾಳೆ ಹರಿಯುತ್ತದೆ, ತಡವಾದರೆ ಜೋತುಬೀಳುತ್ತದೆ. ಮಗ್ಗದ ಸಂಗತಿಯೂ ಇದೇ. ಹಾಸಿನ ದಿಂಡು ನೂಲನ್ನು ಬಿಡಬೇಕು, ಬಟ್ಟೆಯ ದಿಂಡು ನೇಯ್ದುದನ್ನು ಸುತ್ತಿಕೊಳ್ಳಬೇಕು. ಸುತ್ತುತ್ತ ಹೋದಂತೆ ಒಂದರ ಗಾತ್ರ ಕರಗುತ್ತದೆ, ಇನ್ನೊಂದರದು ಬೆಳೆಯುತ್ತದೆ. ಆದುದರಿಂದ ಇಂದು ಹೊಂದಿಸಿಟ್ಟ ಪ್ರಮಾಣ ನಾಳೆಗೆ ಸುಳ್ಳು. ಕೈಮಗ್ಗದಲ್ಲಿ ನೇಕಾರನು ಹಾಸಿನ ಮೇಲೆ ಅಂಗೈ ಆಡಿಸಿ ಬಿಗಿಯನ್ನು ಅರಿಯುತ್ತಾನೆ, ಹಗ್ಗವನ್ನು ಸಡಿಲಿಸುತ್ತಾನೆ ಅಥವಾ ಜಗ್ಗುತ್ತಾನೆ. ದೊಡ್ಡ ಯಂತ್ರಗಳಲ್ಲಿ ಈ ಅಂಗೈಯ ಸ್ಥಾನದಲ್ಲಿ ತೂಗಾಡುವ ಒಂದು ಉರುಳೆಯಿರುತ್ತದೆ. ವಸ್ತು ಬಿಗಿಯಾದರೆ ಅದು ಮೇಲೇಳುತ್ತದೆ, ಸಡಿಲಾದರೆ ಕೆಳಗಿಳಿಯುತ್ತದೆ. ಅದರ ಏರಿಳಿತವೇ ಮೋಟಾರಿಗೆ ಆಜ್ಞೆಯಾಗುತ್ತದೆ.

ಆ ಆಜ್ಞೆಯನ್ನು ಪಾಲಿಸಬಲ್ಲ ಮೋಟಾರು ಬೇಕಲ್ಲ? 1891ರಲ್ಲಿ ಅಮೆರಿಕದ ಹ್ಯಾರಿ ವಾರ್ಡ್ ಲಿಯೊನಾರ್ಡ್ ಒಂದು ದಾರಿ ತೋರಿಸಿದ. ಒಂದು ಮೋಟಾರಿಗೆ ಅದರದೇ ಒಂದು ಉತ್ಪಾದಕಯಂತ್ರವನ್ನು ಮೀಸಲಿಟ್ಟು, ಆ ಉತ್ಪಾದಕದ ಕಾಂತಬಲವನ್ನು ಏರಿಳಿಸಿ ಮೋಟಾರಿನ ವೇಗವನ್ನು ನುಣುಪಾಗಿ ಬದಲಿಸುವ ವಿಧಾನ ಅದು. ಗಣಿಯ ತೊಟ್ಟಿಲುಗಳನ್ನೂ ಕಾಗದದ ಯಂತ್ರಗಳನ್ನೂ ಅದು ಬಹುಕಾಲ ಆಳಿತು. 1914ರಲ್ಲಿ ತೆರೆದ ಪನಾಮ ಕಾಲುವೆಯಲ್ಲಿ ಇನ್ನೊಂದು ಸೋಜಿಗವನ್ನು ಜನ ಕಂಡರು. ಎರಡು ಸಣ್ಣ ವಿದ್ಯುದ್ಯಂತ್ರಗಳನ್ನು ತಂತಿಗಳಿಂದ ಜೋಡಿಸಿ, ಒಂದನ್ನು ತಿರುಗಿಸಿದರೆ ದೂರದ ಇನ್ನೊಂದು ಅಷ್ಟೇ ಕೋನ ತಿರುಗುವಂತೆ ಮಾಡಿದ್ದರು. ನೀರಿನ ಬಾಗಿಲುಗಳ ಚಲನೆಯನ್ನು ನಿಯಂತ್ರಣ ಕೊಠಡಿಯ ಮೇಜಿನ ಮೇಲಣ ಮುಳ್ಳುಗಳು ಹೀಗೆ ಅನುಸರಿಸುತ್ತಿದ್ದವು. ಉಕ್ಕಿನ ಅಚ್ಚು ಹೋಗಿ ತಂತಿಯ ಅಚ್ಚು ಬಂದಂತಾಯಿತು.

1957ರಲ್ಲಿ ಥೈರಿಸ್ಟರ್ ಎಂಬ ಅರೆವಾಹಕ ಸಾಧನ ಹೊರಬಂದ ಮೇಲೆ ಈ ಕೆಲಸವೆಲ್ಲ ಕ್ರಮೇಣ ಎಲೆಕ್ಟ್ರಾನಿಕ್ ಉಪಕರಣಗಳಿಗೆ ದಾಟಿತು. ಇಂದು ಇಂಡಕ್ಷನ್ ಮೋಟಾರಿಗೆ ಕೊಡುವ ಆವರ್ತ ಸಂಖ್ಯೆಯನ್ನೇ ಬೇಕಾದಂತೆ ಬದಲಿಸಬಹುದು. ಅಚ್ಚಿನ ತುದಿಯ ಸಣ್ಣ ಉಪಕರಣ ಒಂದು ಸುತ್ತಿಗೆ ಸಾವಿರ ಮಿಡಿತಗಳನ್ನು ಎಣಿಸಿ ವೇಗವನ್ನು ತಿಳಿಸಬಲ್ಲುದು. ಆದರೆ ಉಪಕರಣ ಎಷ್ಟು ಸೂಕ್ಷ್ಮವಾದರೂ ಮೂಲ ಪ್ರಶ್ನೆ ಉಳಿದೇ ಇದೆ: ಯಾರು ಯಾರನ್ನು ನೋಡಿಕೊಂಡು ನಡೆಯಬೇಕು?

ಮೂರು ಉತ್ತರಗಳಿವೆ. ಎರಡೂ ಮೋಟಾರುಗಳಿಗೆ ಒಂದೇ ಆಜ್ಞೆ ಕೊಟ್ಟು ಸುಮ್ಮನಿರುವುದು ಮೊದಲನೆಯದು. ಒಂದು ಹೊರೆಗೆ ಸಿಕ್ಕಿ ತಡವರಿಸಿದರೂ ಇನ್ನೊಂದಕ್ಕೆ ಅದರ ಅರಿವಿರದು. ಅದು ಆಜ್ಞೆಯಂತೆ ಓಡುತ್ತಲೇ ಇರುತ್ತದೆ. ಒಂದನ್ನು ಮುಂದಾಳಾಗಿಸಿ, ಅದರ ನಿಜವಾದ ನಡೆಯನ್ನು ಎರಡನೆಯದು ಅನುಸರಿಸುವಂತೆ ಮಾಡುವುದು ಎರಡನೆಯದು. ಇದು ಮೇಲು, ಆದರೆ ಹಿಂಬಾಲಿಸುವವನು ಎಡವಿದರೆ ಮುಂದಾಳು ತಿರುಗಿ ನೋಡುವುದಿಲ್ಲ. ಮೂರನೆಯದರಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾರೆ. ಇಬ್ಬರ ನಡುವಣ ಅಂತರವನ್ನೇ ಅಳೆದು ಇಬ್ಬರೂ ತಿದ್ದಿಕೊಳ್ಳುತ್ತಾರೆ. ಯಂತ್ರೋಪಕರಣಗಳ ಎರಡು ಅಕ್ಷಗಳ ಚಲನೆಗಾಗಿ ಈ ಮೂರನೆಯ ಕ್ರಮವನ್ನು ಯೋರಾಮ್ ಕೋರೆನ್ ಎಂಬ ವಿಜ್ಞಾನಿ 1980ರಲ್ಲಿ ವಿವರಿಸಿದರು. ಆ ಲೇಖನದ ಸಾರವನ್ನು ಓದಿದಾಗ ನನಗೆ ನೆನಪಾದದ್ದು ಮೊಳಕಾಲ್ಮೂರಿನ ಮಗ್ಗ. ಅಲ್ಲಿ ಅಂಚಿನ ಹುಡುಗ ತಂದೆಯ ಕೈಯನ್ನು ನೋಡುತ್ತಾನೆ. ಹುಡುಗನ ಎಳೆ ಸಿಕ್ಕಾದರೆ ತಂದೆಯ ಕೈಯೂ ನಿಲ್ಲುತ್ತದೆ.

ಇದೇ ತತ್ತ್ವ ಎಷ್ಟು ದೊಡ್ಡದಾಗಬಲ್ಲುದೆಂಬುದಕ್ಕೆ ಒಂದು ನಿದರ್ಶನ ಕೊಡುತ್ತೇನೆ. 1665ರಲ್ಲಿ ಹಾಲೆಂಡಿನ ಹೈಗೆನ್ಸ್ ಒಂದೇ ತೊಲೆಗೆ ತೂಗುಹಾಕಿದ ಎರಡು ಲೋಲಕದ ಗಡಿಯಾರಗಳು ತಾವಾಗಿಯೇ ಒಂದು ಲಯಕ್ಕೆ ಬರುವುದನ್ನು ಕಂಡ. ತೊಲೆಯ ಕಾಣದಷ್ಟು ಸಣ್ಣ ಅಲುಗಾಟ ಒಂದರ ಸುದ್ದಿಯನ್ನು ಇನ್ನೊಂದಕ್ಕೆ ಮುಟ್ಟಿಸುತ್ತಿತ್ತು. ವಿದ್ಯುತ್ ಜಾಲ ಅಂಥದೊಂದು ತೊಲೆ. ಹಳೆಯ ವಿದ್ಯುದಾಗಾರಗಳಲ್ಲಿ ಎರಡು ಉತ್ಪಾದಕಗಳನ್ನು ಕೂಡಿಸುವಾಗ ನಡುವೆ ದೀಪಗಳನ್ನು ಕಟ್ಟುತ್ತಿದ್ದರು. ದೀಪಗಳು ಮೆಲ್ಲಗೆ ಹೊಳೆದು ಮಂಕಾಗುತ್ತಿದ್ದವು. ಪೂರ್ತಿ ಆರಿದ ಗಳಿಗೆಯೇ ಎರಡೂ ಒಂದಾದ ಗಳಿಗೆ. ಆಗ ಸ್ವಿಚ್ಚನ್ನು ಹಾಕಬೇಕು. ತಪ್ಪಿದರೆ ಯಂತ್ರದ ಅಚ್ಚೇ ತಿರುಚೀತು. ನಮ್ಮ ದಕ್ಷಿಣದ ಜಾಲ ಬಹುಕಾಲ ದೇಶದ ಉಳಿದ ಜಾಲದೊಡನೆ ಲಯಗೂಡಿರಲಿಲ್ಲ. ಒರಿಸ್ಸಾದ ತಾಲ್ಚೇರಿನಿಂದ ಕೋಲಾರಕ್ಕೆ ಬಂದಂಥ ಏಕಮುಖ ಪ್ರವಾಹದ ಮಾರ್ಗಗಳಷ್ಟೇ ಕೊಡುಕೊಳುವಿಕೆಯ ದಾರಿಗಳಾಗಿದ್ದವು. 2013ರ ಡಿಸೆಂಬರ್ 31ರಂದು ರಾಯಚೂರು ಮತ್ತು ಸೊಲ್ಲಾಪುರಗಳ ನಡುವಣ 765 ಕಿಲೋವೋಲ್ಟಿನ ಮಾರ್ಗದಿಂದ ಎರಡೂ ಕೂಡಿದವು. ಅಂದಿನಿಂದ ಶರಾವತಿಯ ಉತ್ಪಾದಕವೂ ಹಿಮಾಲಯದ ತಪ್ಪಲಿನ ಉತ್ಪಾದಕವೂ ಒಂದೇ ಆವರ್ತಕ್ಕೆ ತಿರುಗುತ್ತಿವೆ. ಒಂದು ಕುಸಿದರೆ ಆವರ್ತ ಸಂಖ್ಯೆ ಕೂದಲೆಳೆಯಷ್ಟು ಇಳಿಯುತ್ತದೆ. ಉಳಿದವು ಅದನ್ನು ಅರಿತು ಹೆಗಲು ಕೊಡುತ್ತವೆ.

ಶ್ರೋತೃಗಳೇ, ಚಳ್ಳಕೆರೆಯ ಗಿರಣಿಗಳಲ್ಲಿ ಈಗ ಹಲವು ಮುಚ್ಚಿವೆ. ಮಳೆ ಕೈಕೊಟ್ಟಿತು, 1994ರಿಂದ ಖಾದ್ಯ ತೈಲದ ಆಮದು ಸಡಿಲವಾದ ಮೇಲೆ ತಾಳೆಎಣ್ಣೆಯ ಎದುರು ಶೇಂಗಾ ಎಣ್ಣೆ ನಿಲ್ಲುವುದು ಕಷ್ಟವಾಯಿತು. ಮೊಳಕಾಲ್ಮೂರಿನ ಸೀರೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಆದರೆ ಅಂಚಿನ ಲಾಳಿಗೆ ಕೂರುವ ಮಕ್ಕಳು ಶಾಲೆಗೆ ಹೋಗಬೇಕು, ಹೋಗುತ್ತಿದ್ದಾರೆ. ಅದು ಆಗಬೇಕಾದದ್ದೇ. ಒಂಟಿಯಾಗಿ ಕುಳಿತ ನೇಕಾರನಿಗೆ ಆ ಎರಡನೆಯ ಕೈಯನ್ನು ಯಾವ ಯಂತ್ರ ಕೊಟ್ಟೀತು, ಕೊಟ್ಟರೆ ಅದರ ಕೂಲಿ ಯಾರ ಪಾಲಿಗೆ ಹೋದೀತು ಎಂಬುದು ನನ್ನಂಥ ಇಂಜಿನಿಯರುಗಳು ಉತ್ತರಿಸಬೇಕಾದ ಪ್ರಶ್ನೆ.

ಆ ವೈಂಡಿಂಗ್ ಅಂಗಡಿಯ ಹಿರಿಯರು ಈಗಿಲ್ಲ. ಸುಟ್ಟ ಸುರುಳಿಯೊಂದನ್ನು ನನ್ನೆದುರು ತಂದಿಟ್ಟು ಯಾರಾದರೂ ತೀರ್ಪು ಕೇಳಿದಾಗಲೆಲ್ಲ, ಜೊತೆಯ ಮೋಟಾರು ಎಲ್ಲಿದೆ ಎಂದು ನಾನು ಮೊದಲು ವಿಚಾರಿಸುತ್ತೇನೆ. ಎರಡರ ಮೇಲೂ ಅಂಗೈ ಇಟ್ಟು ನೋಡದೆ ಚೀಟಿ ಬರೆಯುವುದನ್ನು ನಾನು ಅಂದೇ ಬಿಟ್ಟಿದ್ದೇನೆ.